ಸೆರಗು ಮುಚ್ಚಿದ ಕೈ

ಹೋದ ತಿಂಗಳು ನೆಂಟರ ಮನೆಯ ಮದುವೆಗೆಂದು ವಾಡಿಗೆ ಹೋಗಿದ್ದೆ. ಮದುವೆ ಮುಗಿದ ಮಾರನೆಯ ದಿನ ಮನೆಯಲ್ಲಿ ಕೂರಲಾಗದೆ ಒಂದು ಆಟೋ ಹಿಡಿದು ರಾವೂರು ದಾಟಿ ಆಚೆಗಿರುವ ನನ್ನ ಹಳೆಯ ಊರಿಗೆ ಹೋದೆ. ಮುಂಗಾರಿನ ಮೊದಲ ಮಳೆ, ಮಿರಗದ ಮಳೆ, ಆಗಷ್ಟೇ ನಾಲ್ಕು ಹನಿ ಉದುರಿಸಿ ಹೋಗಿತ್ತು. ಬಿಸಿಲಿಗೆ ಕಾದ ಫರ್ಸಿಯ ಮೇಲೆ, ನೆಲಕ್ಕೆ ಹಾಸುವ ಆ ಚಪ್ಪಡಿಕಲ್ಲಿನ ಮೇಲೆ, ಮಳೆ ಬಿದ್ದರೆ ಒಂದು ವಾಸನೆ ಏಳುತ್ತದೆ. ಹೊಲದ ಮಣ್ಣಿನ ವಾಸನೆಯಂತಲ್ಲ ಅದು. ಸುಣ್ಣದ ಹರಳನ್ನು ನೀರಿಗೆ ಹಾಕಿದಾಗ ಬರುವಂಥದ್ದು, ಸ್ವಲ್ಪ ಗಂಟಲಿಗೆ ಹತ್ತುವಂಥದ್ದು. ಆ ವಾಸನೆ ಮೂಗಿಗೆ ಬಂದದ್ದೇ ತಡ, ನನಗೆ ಆಟೋದವನ ಮಾತೇ ಕೇಳಿಸಲಿಲ್ಲ.

ಮಾಸ್ತರಿಕೆಯ ಮೊದಲ ನೌಕರಿ ಸಿಕ್ಕಿದ್ದು ನನಗೆ ಆ ಊರಿನಲ್ಲಿಯೇ. ಊರೆಂದರೆ ಒಂದಷ್ಟು ಮನೆ, ಸುತ್ತ ಕಲ್ಲಿನ ಖಣಿ. ಈಗ ನಲ್ಲಿ ಬಂದಿದೆ. ನಲ್ಲಿಯ ಕೆಳಗೆ ಒಂದು ಉದ್ದನೆಯ ಫರ್ಸಿ ಹಾಸಿದ್ದಾರೆ, ಅದರ ಮೇಲೆ ಒಬ್ಬ ಸೊಸೆ ಅರಿವಿ ಒಗೆಯುತ್ತಿದ್ದಳು. ಕಲ್ಲಿನ ಮೇಲೆ ಅಕ್ಷರಗಳಿದ್ದವು. ನಾನು ಬಗ್ಗಿ ನೋಡುವುದನ್ನು ಕಂಡು ಆಕೆ ಕೈ ನಿಲ್ಲಿಸಿದಳು.

"ಓದ್ಲಿಕತ್ತೀರೇನ್ರಿ ಯಮ್ಮಾ? ಯಾರ ಹೆಸರ್ರಿ ಅವು? ನಮ್ಮತ್ತಿ ಸತ್ತವರ ಹೆಸರು ಅಂತಿದ್ಳು. ಅದ್ಕ ನಾ ಆ ತುದೀಗಿ ಒಗೆಯಂಗಿಲ್ಲ ನೋಡ್ರಿ, ಅಂಜಿಕಿ ಬರ್ತದ."

"ಸತ್ತವರ ಹೆಸರಂತ ಕಡದಿಲ್ಲವ್ವ. ದಾನ ಕೊಟ್ಟವರ ಹೆಸರು."

"ಹಂಗಾದ್ರ ಒಗೀಬಹುದು ತಗೋರಿ," ಎಂದು ಆಕೆ ಧೋತರವೊಂದನ್ನು ಆ ತುದಿಗೇ ಎಳೆದು ಬಡಿಯತೊಡಗಿದಳು. ಎಲ್ಲಕ್ಕಿಂತ ಮೇಲಿದ್ದ ಹೆಸರು ಅರ್ಧ ಸವೆದಿತ್ತು. ಆದರೂ ನನಗೆ ಓದಲು ಬಂತು: ನಾಗಮ್ಮ.

ನಾನು ಆ ಊರಿಗೆ ಬಂದಾಗ ಮೈಸೂರು ರಾಜ್ಯ ಕರ್ನಾಟಕವಾದ ಹೊಸತು. ವಾಡಿ ಸ್ಟೇಶನ್ನಿನಿಂದ ಚಿತ್ತಾಪುರದ ಕಚೇರಿಯವರೆಗೆ ಎಲ್ಲಿ ನೋಡಿದರೂ ಬೋರ್ಡಿಗೆ ಬಣ್ಣ ಹಚ್ಚುವವರು. ನನ್ನ ಶಾಲೆಯ ಗೋಡೆಯ ಮೇಲೂ ಹಳೆಯ ರಾಜ್ಯದ ಹೆಸರನ್ನು ಅಳಿಸಿದ್ದರು. ಹೊಸದನ್ನು ಬರೆಯಲು ಪೇಂಟರು ಇನ್ನೂ ಬಂದಿರಲಿಲ್ಲ. ನನಗೆ ಇರಲು ಶರಣಮ್ಮ ಎಂಬಾಕೆ ತನ್ನ ಮನೆಯ ಒಳಕೋಣೆ ಕೊಟ್ಟಿದ್ದಳು. ಗಂಡ ತೀರಿಕೊಂಡಿದ್ದ. ಮಗ ಸೊಸೆ ಇಬ್ಬರೂ ಖಣಿಯಲ್ಲಿ ಕಲ್ಲು ಎಬ್ಬಿಸುವವರು, ಮಲ್ಲಿ ಎಂಬ ಮೊಮ್ಮಗಳು ಆಗತಾನೆ ಅಂಬೆಗಾಲಿಡುತ್ತಿದ್ದಳು. ನಾನು ಚಿತ್ತಾಪುರದ ಅಜ್ಜಿಯ ಹತ್ತಿರ ಮಾತು ಕಲಿತವಳು. ಆದರೂ ಎಷ್ಟೋ ಮಾತುಗಳ ತೂಕ ನನಗೆ ತಿಳಿದದ್ದು ಶರಣಮ್ಮನ ಬಾಯಲ್ಲಿ ಕೇಳಿದ ಮೇಲೆಯೇ.

ಹೋದ ಮೊದಲ ದಿನ ಸಂಜೆ ನಾನು ಹೊರಗಿನ ಕತ್ತಲಕೋಣೆಗೆ ಕಂದೀಲು ಹಿಡಿದುಕೊಂಡು ಹೊರಟಿದ್ದೆ. ಶರಣಮ್ಮ ನನ್ನ ರಟ್ಟೆ ಹಿಡಿದು ನಿಲ್ಲಿಸಿದಳು.

"ಆ ಕೋಲಿಗಿ ದೀಪ ಒಯ್ಯಬ್ಯಾಡ್ರಿ ಅಕ್ಕೋರ. ಅಲ್ಲಿ ಹರವಿ ಅದ."

ಎದೆಮಟ್ಟದ ದೊಡ್ಡ ಮಣ್ಣಿನ ಹರವಿ. ಅದರೊಳಗೆ ಜೋಳ. ಶರಣಮ್ಮನ ಅತ್ತೆಯ ಅತ್ತೆ ಇಟ್ಟದ್ದಂತೆ. ದೀಪ ಹಚ್ಚುವ ಹೊತ್ತಿಗೆ ಮೊದಲು ಊರ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಬರುವರು. ಎಲ್ಲರ ಕೈಯಲ್ಲೂ ಒಂದು ಪುಟ್ಟ ಬುಟ್ಟಿ, ಎಲ್ಲರ ಬುಟ್ಟಿಯ ಮೇಲೂ ಸೆರಗು. ಕೋಣೆಯೊಳಗೆ ಹೋಗುವರು, ಹೊರಗೆ ಬರುವರು. ಹಾಕಿ ಬಂದರೋ ತೆಗೆದುಕೊಂಡು ಬಂದರೋ ಯಾರಿಗೂ ತಿಳಿಯದು. ತಿಳಿಯಬಾರದೆಂದೇ ಶರಣಮ್ಮ ಆ ಹೊತ್ತಿಗೆ ಅಂಗಳದಲ್ಲಿ ಬೇವಿನ ಗಿಡದ ಕಡೆ ಮುಖ ಮಾಡಿ ಕೂತುಬಿಡುತ್ತಿದ್ದಳು. ಮನೆಯಲ್ಲಿ ಜೋಳ ಇದ್ದವರೂ ದಿನಾ ಹಾಕುವುದಿಲ್ಲ. ಒಮ್ಮೊಮ್ಮೆ ಖಾಲಿ ಬುಟ್ಟಿಯನ್ನೇ ಸೆರಗಿನಲ್ಲಿ ಮುಚ್ಚಿಕೊಂಡು ಬಂದು ಖಾಲಿಯೇ ಹೋಗುವರು.

"ಖಾಲಿ ಯಾಕ ಬರ್ತಾರ?" ಎಂದು ಕೇಳಿದ್ದೆ.

"ಒಯ್ಯಾಕಿ ಒಬ್ಬಾಕೀನೇ ನಡ್ಕೋತ ಬಂದ್ರ ಊರಿಗಿ ಗೊತ್ತಾಗ್ತದಲ್ರಿ. ಎಲ್ಲಾರೂ ಬಂದ್ರ ಯಾರೂ ಬಂದಂಗ ಅಲ್ಲ." ಆಮೇಲೆ ನನ್ನ ಮುಖ ನೋಡಿ ನಕ್ಕಳು. "ನೀವು ಪಗಾರದಾಕಿ. ನೀವೂ ಒಂದ ಬುಟ್ಟಿ ತಗೋರಿ. ಸೀರಿ ಮಾತ್ರ ಹಿಂಗ ಗಿಡ್ಡ ಸೆರಗಿಂದು ಉಡಬ್ಯಾಡ್ರಿ, ಏನೂ ಮುಚ್ಚಂಗಿಲ್ಲ ಅದು."

ದಿನಾ ತಪ್ಪದೆ ಬರುತ್ತಿದ್ದವಳು ನಾಗಮ್ಮ. ಎತ್ತರದ ಆಳು, ನೆಟ್ಟಗಿನ ನಡಿಗೆ, ಇಳಕಲ್ ಸೀರೆಯ ದೊಡ್ಡ ಸೆರಗು. ಅವಳ ಗಂಡ ಇದ್ದಾಗ ಆ ಮನೆಯಲ್ಲಿ ಸಾಲು ಬಂಡಿಗಳಿದ್ದವು. ಖಣಿಯ ಫರ್ಸಿಯೆಲ್ಲ ಅವರ ಬಂಡಿಗಳ ಮೇಲೆಯೇ ವಾಡಿ ಸ್ಟೇಶನ್ನಿಗೆ ಹೋಗುತ್ತಿತ್ತು. ಲಾರಿಗಳು ಬಂದವು, ಎತ್ತುಗಳು ಹೋದವು, ಗಂಡನೂ ಹೋದ. ಮಕ್ಕಳಿರಲಿಲ್ಲ. ಆದರೆ ನಾಗಮ್ಮನ ತಲೆ ತಗ್ಗಿದ್ದನ್ನು ಯಾರೂ ಕಂಡವರಿಲ್ಲ. ಖಣಿಯಲ್ಲಿ ಮಾತ್ರ ಅವಳು ಕೂಲಿಗೆ ಹೋಗಲಿಲ್ಲ. ಬಂಡಿಯವರ ಮನೆಯ ಸೊಸೆ ಕಲ್ಲು ಹೊರುವುದೆಂದರೆ ಊರೇ ಬೇಡವೆನ್ನುತ್ತಿತ್ತು. "ಮನ್ಯಾಗ ಕೂತು ಉಣ್ಣೋವಷ್ಟು ಅದ ಬಿಡ್ರಿ ಆಕಿಗಿ," ಎಂದು ಎಲ್ಲರೂ ಅನ್ನುವರು. ಅವಳೂ ಅಲ್ಲವೆನ್ನಲಿಲ್ಲ.

ಆ ಬೇಸಿಗೆಯಲ್ಲಿ ಎರಡು ಸಂಗತಿ ನಡೆದವು. ಮೊದಲನೆಯದು ಮಲ್ಲಿಯ ಕಣ್ಣು. ಖಣಿಯ ಹೆಂಗಸರು ಕೂಸುಗಳನ್ನು ಕಲ್ಲಿನ ರಾಶಿಯ ನೆರಳಿಗೆ ಹಳೆ ಸೀರೆಯ ಜೋಳಿಗೆ ಕಟ್ಟಿ ಮಲಗಿಸಿ ಕೆಲಸಕ್ಕೆ ಇಳಿಯುತ್ತಿದ್ದರು. ಶರಣಮ್ಮನಿಗೆ ಜ್ವರ ಬಂದು ಮಗುವನ್ನು ನೋಡಿಕೊಳ್ಳಲಾಗದ ಒಂದು ದಿನ ಸೊಸೆ ಮಲ್ಲಿಯನ್ನು ಖಣಿಗೆ ಒಯ್ದಳು. ಕಲ್ಲಿನ ಚೂರೊಂದು ಸಿಡಿದು ಕಣ್ಣ ಅಂಚಿಗೆ ಹತ್ತಿತು. ಶಹಾಬಾದಿನ ಡಾಕ್ಟರು ಕಣ್ಣು ಉಳಿಸಿದರು. ಗಾಯದ ಗೆರೆ ಉಳಿಯಿತು. ಅಂದಿನಿಂದ ಶರಣಮ್ಮ ಒಂದೇ ಮಾತು ಹಿಡಿದಳು. "ಖಣಿ ದಂಡಿಗಿ ಒಂದ ಕೋಲಿ ಬೇಕ್ರಿ ಅಕ್ಕೋರ. ಮ್ಯಾಲೊಂದು ಮಾಳಗಿ, ಕೂಸುಗಳಿಗಿ ನೋಡ್ಲಾಕ ಒಬ್ಬಾಕಿ ಹೆಣಮಗಳು. ಈ ಸಾರಿ ಕಣ್ಣಿನ ಅಂಚಿಗಿ ಬಡದದ. ಮುಂದಿನ ಸಾರಿ ಯಾರ ಕೂಸಿಗಿ ಎಲ್ಲಿ ಬಡೀತದ?"

ಎರಡನೆಯದು ಮಾಣಿಕರಾಯರು ಬಂದದ್ದು. ಸಮಾಜ ಕಲ್ಯಾಣ ಕಚೇರಿಯ ಇನ್ಸ್‌ಪೆಕ್ಟರು, ಗುಲ್ಬರ್ಗಾದಿಂದ ಬಂದವರು. ದಮ್ಮಿನ ಆಳು, ಸೈಕಲ್ಲಿನಿಂದ ಇಳಿದರೆ ಮೊದಲು ಒಂದಷ್ಟು ಹೊತ್ತು ಉಸಿರಿಗಾಗಿಯೇ ಕೂರಬೇಕು. ಬುತ್ತಿ ತಾವೇ ತರುವರು, ಯಾರ ಮನೆಯ ಚಹಾವನ್ನೂ ಬೇಡವೆನ್ನರು. ಕೆಟ್ಟ ಮನುಷ್ಯರಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನಡೆದದ್ದನ್ನು ಕೇಳಿದವರು ಅವರನ್ನೇ ಬೈಯುತ್ತಾರೆ.

ನಮ್ಮ ಸೀಮೆಯಲ್ಲಿ ದಾನಧರ್ಮದ ಕೆಲಸ ಮಾಡುವ ಸಂಸ್ಥೆಗಳೆಷ್ಟಿವೆಯೋ ಅಷ್ಟನ್ನೂ ವಿಂಗಡಿಸುವುದು ಅವರಿಗೆ ವಹಿಸಿದ ಕೆಲಸ. ಗಾತ್ರದಲ್ಲಿ ಸಣ್ಣದು, ಮಧ್ಯಮ, ದೊಡ್ಡದು. ಉದ್ದೇಶದಲ್ಲಿ ಶಿಶುಗಳಿಗೆ, ಹೆಂಗಸರಿಗೆ, ಮುದುಕರಿಗೆ, ಅಂಗವಿಕಲರಿಗೆ, ವಿದ್ಯೆಗೆ, ಆರೋಗ್ಯಕ್ಕೆ. ಪ್ರತಿಯೊಂದಕ್ಕೂ ಒಂದು ಗಾತ್ರ, ಒಂದೇ ಒಂದು ಉದ್ದೇಶ. ಶರಣಮ್ಮನ ಪಡಸಾಲೆಯಲ್ಲಿ ರೊಟ್ಟಿ ಮುರಿಯುತ್ತ ತಮ್ಮ ಕಷ್ಟ ತೋಡಿಕೊಂಡರು.

"ಸೇಡಂನಾಗ ಒಂದು ಅರವಟ್ಟಿಗಿ ಅದ ನೋಡ್ರಿ ಟೀಚರ್. ಬ್ಯಾಸಗ್ಯಾಗ ಬಂದವರಿಗಿ ನೀರು ಕೊಡ್ತಾರ. ಮಳಗಾಲಕ್ಕ ಅವರೇ ಬಡವರ ಲಗ್ನಕ್ಕ ಅಡಗಿ ಭಾಂಡ್ಯಾ ಕೊಡ್ತಾರ. ನೀರು ಆರೋಗ್ಯ ಅಂತ ಬರದೆ. ಭಾಂಡ್ಯಾ ಯಾವದ್ರಾಗ ಹಾಕ್ಲಿ? ಶಹಾಬಾದಿನಾಗ ನಾಕ ಮಂದಿ ಕೂಡಿ ರೈಲ್ ಪಟ್ಟಿ ಮ್ಯಾಲ ಸಿಕ್ಕ ದಿಕ್ಕಿಲ್ಲದ ಹೆಣಾ ಮಣ್ಣು ಮಾಡ್ತಾರ. ಹೆಣಕ್ಕ ನಮ್ಮ ಹಂತೇಕ ಉದ್ದೇಶನೇ ಇಲ್ರಿ!"

"ಮತ್ತ ಏನ್ ಬರದ್ರಿ?"

"ಅದೂ ಆರೋಗ್ಯನೇ ಅಂತ ಬರದೆ," ಎಂದವರೇ ನಗಲು ಹೋಗಿ ಕೆಮ್ಮು ಹತ್ತಿಸಿಕೊಂಡರು.

ಹರವಿಯ ಸುದ್ದಿ ಅವರಿಗೆ ಚಿತ್ತಾಪುರದಲ್ಲಿ ಯಾರೋ ಹೇಳಿದ್ದರಂತೆ. ಶರಣಮ್ಮನನ್ನು ಕೂರಿಸಿಕೊಂಡು ಕೇಳತೊಡಗಿದರು.

"ಸಂಸ್ಥಾದ ಹೆಸರೇನಮ್ಮ?"

"ಯಾವ ಸಂಸ್ಥಾರಿ? ಹರವಿಗಾ? ಹರವಿಗಿ ಹರವಿ ಅಂತೀವ್ರಿ."

"ಯಾರ ಸಲುವಾಗಿ ನಡಸ್ತೀರಿ? ಕೂಸುಗಳ ಸಲುವಾಗೋ, ಮುದುಕರ ಸಲುವಾಗೋ?"

"ಹಸದವರ ಸಲುವಾಗ್ರಿ."

"ಎಷ್ಟ್ ಮಂದಿ ಫಾಯದಾ ತಗೊಂಡಾರ?"

"ಗೊತ್ತಿಲ್ರಿ."

"ಅಂದಾಜ ಹೇಳ್ರಿ."

"ಅಂದಾಜ ಮಾಡಬಾರದಂತನೇ ನಾ ಗಿಡದ ಕಡಿ ಮುಖ ಮಾಡಿ ಕುಂದರ್ತೀನಿ ಸಾಹೇಬ್ರ."

ಮಾಣಿಕರಾಯರು ಪೆನ್ನಿನ ಟೋಪಿ ಹಾಕಿದರು. ಆಗ ಮಲ್ಲಿ ತೆವಳುತ್ತ ಬಂದು ಅವರ ಮೊಣಕಾಲು ಹಿಡಿದು ನಿಂತಳು. ಕಣ್ಣ ಬದಿಯ ಗಾಯ ಇನ್ನೂ ಹಸಿ. ಏನಾಯಿತೆಂದು ಕೇಳಿದರು. ಶರಣಮ್ಮ ಹೇಳಿದಳು. ಹೇಳಿ, ಖಣಿ ದಂಡೆಯ ಕೋಣೆಯ ಮಾತನ್ನೂ ಎತ್ತಿದಳು.

ಅವರ ಮುಖವೇ ಬದಲಾಯಿತು. ಸಣ್ಣ ವರ್ಗದ ಸಂಸ್ಥೆಗೆ ಒಂದು ಸರ್ಟಿಫಿಕೇಟು ಬಿಟ್ಟರೆ ಏನೂ ಸಿಗದು ಎಂದರು. ಮಧ್ಯಮ ವರ್ಗಕ್ಕೆ ಏರಿ, ಉದ್ದೇಶ ಶಿಶು ಕಲ್ಯಾಣವೆಂದಾದರೆ ಸರ್ಕಾರದಿಂದ ಕೋಣೆಯೂ ಬರುತ್ತದೆ, ಕೂಸುಗಳನ್ನು ನೋಡಿಕೊಳ್ಳುವ ಹೆಂಗಸಿಗೆ ಪಗಾರವೂ ಬರುತ್ತದೆ. "ಆದ್ರ ಕೊಟ್ಟವರ ಹೆಸರು ಬೇಕು, ತಗೊಂಡವರ ಹೆಸರು ಬೇಕು. ಹೆಸರಿಲ್ದ ನಾ ಎಷ್ಟು ಒದ್ದಾಡಿದ್ರೂ ಇದು ಸಣ್ಣದರಾಗೇ ಕುಂದರ್ತದ ತಾಯಿ." ಮತ್ತೆ ಬರುವೆ, ಅಷ್ಟರಲ್ಲಿ ಹೆಂಗಸರೆಲ್ಲ ಕೂಡಿ ಮಾತಾಡಿಕೊಳ್ಳಿ ಎಂದು ಸೈಕಲ್ ಹತ್ತಿದರು.

ಮಾತು ನಡೆದದ್ದು ಖಣಿಯಲ್ಲಿ, ಮಧ್ಯಾಹ್ನದ ಬುತ್ತಿಯ ಹೊತ್ತಿಗೆ. ಹುಸೇನಬಿ ಎಂಬವಳು ಕಲ್ಲಿನ ಅಂಚು ಕಡಿಯುವುದರಲ್ಲಿ ಗಂಡಸರನ್ನು ಮೀರಿಸಿದವಳು, ಬಾಯಿಯಲ್ಲಂತೂ ಊರನ್ನೇ ಮೀರಿಸಿದವಳು. ಅವಳೇ ಮೊದಲು ಶುರು ಮಾಡಿದಳು.

"ಹೆಸರು ಹೇಳಿದ್ರ ಏನ್ ಮೂಗು ಹೋಗ್ತದೇನ? ನಾ ಒಯ್ದೀನಿ. ಮಗಳ ಬಾಣಂತನಕ್ಕ ಒಯ್ದೀನಿ, ಕಾಲಿನ ಮ್ಯಾಲ ಫರ್ಸಿ ಬಿದ್ದಾಗ ಒಯ್ದೀನಿ. ಬರಕೊಳ್ಳಲಿ ನಿನ್ನ ಸಾಬ್."

"ನಿಂಗೇನ ಬಿಡು, ನಿನಗ ಸೆರಗೂ ಒಂದೇ, ಜಂಡಾನೂ ಒಂದೇ!" ಎಂದಳು ಇನ್ನೊಬ್ಬಳು. ಎಲ್ಲರೂ ನಕ್ಕರು.

"ನಗ್ರಿ, ನಗ್ರಿ. ನಿಮ್ಮ ಕೂಸುಗಳು ಆ ಬಿಸಲಾಗ ಜೋತಾಡ್ಲಿಕತ್ತಾವ, ಅವುಕ್ಕೂ ನಗು ಬರ್ತದೇನ ನೋಡ್ರಿ."

ನಗು ನಿಂತಿತು. ಹುಸೇನಬಿಯ ಹಿಂದೆ ಒಬ್ಬೊಬ್ಬರೇ ಒಪ್ಪಿದರು. ನಾಗಮ್ಮನೂ ಅಲ್ಲಿಗೆ ಬಂದಿದ್ದಳು. ಕೂಲಿಗಲ್ಲ, ಊರ ಮಾತಿಗೆ ಅವಳನ್ನು ಕರೆಯದೆ ಬಿಡುವುದುಂಟೆ? ದೂರದ ಕಲ್ಲಿನ ಮೇಲೆ ಕೂತವಳು ಒಂದೇ ಮಾತು ಆಡಿದಳು.

"ಹರವಿ ಹಂಗೇ ಇರ್ಲಿ ಅಕ್ಕ. ಕೋಲಿ ಬ್ಯಾರೆ ಕೇಳೋಣು."

"ಬ್ಯಾರೆ ಕೇಳಿದ್ರ ಯಾರು ಕೊಡ್ತಾರವ್ವ ನಮಗ?" ಎಂದಳು ಶರಣಮ್ಮ. "ನಮ್ಮ ಹಂತೇಕ ತೋರ್ಸಲಾಕ ಇರೋದು ಅದೊಂದೇ."

ನಾಗಮ್ಮ ಎದ್ದು ಸೆರಗು ಸರಿಮಾಡಿಕೊಂಡು ಊರ ದಾರಿ ಹಿಡಿದಳು.

ಮಾಣಿಕರಾಯರು ಬಂದ ದಿನ ಪಡಸಾಲೆಯ ತುಂಬ ಹೆಂಗಸರು. ಹುಸೇನಬಿ ಹೆಸರು ಹೇಳಿದಳು, ಅವಳ ಹಿಂದೆ ಮತ್ತಷ್ಟು ಮಂದಿ ತಲೆ ತಗ್ಗಿಸಿಕೊಂಡು ಹೇಳಿದರು. ನಾಗಮ್ಮ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಒಂದು ಹೆಜ್ಜೆ ಮುಂದೆ ಬಂದಳು. ತುಟಿ ಬಿಚ್ಚಿದಳು. ಅಷ್ಟರಲ್ಲಿ ಶರಣಮ್ಮ, ಮೆಚ್ಚಿಗೆಯಿಂದ, ಪ್ರೀತಿಯಿಂದ, ಅವಳ ಕೈ ಹಿಡಿದು ಎಳೆದು ಸಾಹೇಬರ ಮುಂದೆ ನಿಲ್ಲಿಸಿದಳು.

"ಕೊಟ್ಟವರ ಸಾಲಿನಾಗ ಈಕೀದು ಮೊದಲ ಬರೀರಿ ಸಾಹೇಬ್ರ. ಬಂಡಿಯವರ ನಾಗಮ್ಮ. ನಾ ಗಿಡದ ಕಡಿ ಮುಖ ಮಾಡಿದ್ರೂ ಕಾಲಿನ ಸಪ್ಪಳ ಕೇಳ್ತದಲ್ರಿ? ಒಂದ ದಿನ ತಪ್ಪಿಸಿಲ್ಲ ನೋಡ್ರಿ ಆಕಿ. ಮಳಿ ಬರ್ಲಿ, ಗಾಳಿ ಬರ್ಲಿ."

"ಹೌದ್ರಿ, ದಿನಾ ಬರಾಕಿ ಆಕೀನೇ," ಎಂದು ಎಲ್ಲರೂ ದನಿಗೂಡಿಸಿದರು. ನಾಗಮ್ಮನ ಬಾಯಿ ಮುಚ್ಚಿತು. ಸೆರಗಿನೊಳಗಿದ್ದ ಅವಳ ಇನ್ನೊಂದು ಕೈ ಬಟ್ಟೆಯನ್ನು ಹಿಂಡುತ್ತಿತ್ತು. ನನಗೆ ಅದು ಕಂಡಿತ್ತು, ಸಂಕೋಚ ಅಂದುಕೊಂಡೆ. ಮಾಣಿಕರಾಯರು ಎದ್ದು ಕೈ ಮುಗಿದು, ಹರವಿಗೆ ಒಂದು ಸಮಿತಿ ಮಾಡುತ್ತೇವೆ, ಅದಕ್ಕೆ ನೀವೇ ಅಧ್ಯಕ್ಷರಾಗಬೇಕು ತಾಯಿ ಎಂದರು.

ಹರವಿಗೆ ಮಧ್ಯಮ ವರ್ಗ ಸಿಕ್ಕಿತು.

ಕೋಣೆ ಬಂತು. ಇಲ್ಲವೆನ್ನಲಾರೆ. ಮಳೆಗಾಲ ಬರುವ ಮೊದಲೇ ಖಣಿ ದಂಡೆಗೆ ಗೋಡೆ ಎದ್ದಿತು, ಫರ್ಸಿಯ ಮಾಳಿಗೆ ಬಿತ್ತು. ಜೋಳಿಗೆಗಳೆಲ್ಲ ಒಳಗೆ ತೂಗತೊಡಗಿದವು. ಮಲ್ಲಿ ಅದೇ ಕೋಣೆಯಲ್ಲಿ ನಡೆಯಲು ಕಲಿತಳು. ಹುಸೇನಬಿ ಒಂದು ಒಳ್ಳೆಯ ಚಪ್ಪಡಿ ಆರಿಸಿ, ಜೋಳ ಕೊಟ್ಟವರ ಹೆಸರುಗಳನ್ನು ತಾನೇ ಕೂತು ಕಡೆದಳು. ಅವಳಿಗೆ ಓದಲು ಬಾರದು. ನಾನು ಸುಣ್ಣದ ಕಡ್ಡಿಯಲ್ಲಿ ಬರೆದುಕೊಟ್ಟದ್ದರ ಮೇಲೆಯೇ ಉಳಿ ಆಡಿಸಿದಳು. ಮೇಲಿನ ಹೆಸರು ಎಲ್ಲಕ್ಕಿಂತ ಆಳ.

ಹರವಿಯನ್ನು ಆರು ಮಂದಿ ಹಗ್ಗ ಕಟ್ಟಿ ಎತ್ತಿ ಆ ಕೋಣೆಗೆ ಒಯ್ದರು. ಅದಕ್ಕೊಂದು ಕಟ್ಟಿಗೆಯ ಮುಚ್ಚಳ ಬಂತು, ಅಳೆಯಲು ಸೇರು ಬಂತು. ಉದ್ದೇಶ ಶಿಶು ಕಲ್ಯಾಣವಲ್ಲವೆ, ಜೋಳ ಇನ್ನು ಕೂಸುಗಳ ಅಂಬಲಿಗೆ ಮಾತ್ರ. ವಾರಕ್ಕೊಮ್ಮೆ ಬೆಳಗಿನ ಬೆಳಕಿನಲ್ಲಿ ಕೊಡುವವರು ಬಂದು ಅಳೆದು ಸುರಿಯುವರು. ಪಕ್ಕದಲ್ಲಿ ಅಧ್ಯಕ್ಷಿಣಿ ನಾಗಮ್ಮ ನಿಂತಿರುವಳು. ಮೊದಲ ಸೇರು ಅವಳದೇ ಆಗಬೇಕೆಂದು ಊರಿನ ಹಟ. ಅವಳು ತರುತ್ತಿದ್ದಳು. ಒಂದು ವಾರವೂ ತಪ್ಪಿಸಲಿಲ್ಲ.

ಒಂದು ದಿನ ಹುಸೇನಬಿ ಚೇಷ್ಟೆ ಮಾಡಿದಳು. "ಅಧ್ಯಕ್ಷರ, ಭಾಳ ಸಣ್ಣ ಆಗೀರಲ್ರಿ? ಎಲ್ಲಾ ಹರವಿಗೇ ಹಾಕಿ ನಿಮ್ಮ ಗಂಗಾಳಕ್ಕ ಏನೂ ಇಡವಲ್ರೇನು?"

ನಾಗಮ್ಮ ನಕ್ಕು, "ಉಪಾಸ ಹಿಡದೀನವ್ವ, ಸೋಮಾರದ್ದು," ಎಂದಳು. ನಾವೆಲ್ಲ ನಂಬಿದೆವು.

ಶ್ರಾವಣದಲ್ಲಿ ಅವಳು ತನ್ನ ಮನೆಯ ಬೀಗದ ಕೈ ತಂದು ಶರಣಮ್ಮನ ಕೈಯಲ್ಲಿಟ್ಟಳು. ಚಿಂಚೋಳಿಯ ಕಡೆ ತಮ್ಮನ ಊರಿಗೆ ಹೊರಟಿದ್ದಳು. ನಾದಿನಿಗೆ ಮೈಯಲ್ಲಿ ಆರಾಮಿಲ್ಲ, ಒಂದಷ್ಟು ದಿನ ಇದ್ದು ಬರುವೆ ಎಂದಳು. ಹೋದವಳು ದಸರೆಗೂ ಬರಲಿಲ್ಲ, ದೀಪಾವಳಿಗೂ ಬರಲಿಲ್ಲ. ಮನೆಗೆ ಹಬ್ಬದ ಕಸವಾದರೂ ಹೊಡೆಯೋಣವೆಂದು ಶರಣಮ್ಮ ಬೀಗ ತೆಗೆದಳು. ನಾನೂ ಜೊತೆಗಿದ್ದೆ.

ಒಲೆಯನ್ನು ಸಗಣಿಯಿಂದ ಚೊಕ್ಕಾಗಿ ಸಾರಿಸಿತ್ತು. ಬೂದಿಯ ಗುರುತೂ ಇರಲಿಲ್ಲ. ಬೀಸುಕಲ್ಲಿನ ಬಾಯಿಗೆ ಜೇಡ ದಟ್ಟವಾಗಿ ಬಲೆ ಹೆಣೆದಿತ್ತು. ಅಷ್ಟು ದಟ್ಟ ಬಲೆ ಶ್ರಾವಣದಿಂದೀಚಿನದಲ್ಲ. ಶರಣಮ್ಮ ಅದನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಹಿತ್ತಲಿನ ಕೊಟ್ಟಿಗೆಯಲ್ಲಿ ಉಳಿದಿದ್ದ ಒಂದೇ ಬಂಡಿ ನೆಲಕ್ಕೆ ಕುಸಿದು ಕೂತಿತ್ತು. ಗಾಲಿಗಳ ಕಬ್ಬಿಣದ ಪಟ್ಟಿಗಳಿರಲಿಲ್ಲ, ಬಿಚ್ಚಿ ಮಾರಿದ್ದಳು. ಪಟ್ಟಿ ಬಿಚ್ಚಿದ ಮೇಲೆ ಕಟ್ಟಿಗೆಯ ಗಾಲಿಗಳು ತಾವಾಗಿಯೇ ಬಿಚ್ಚಿಕೊಂಡಿದ್ದವು.

ವಾರವಾರ ಹರವಿಗೆ ಬಿದ್ದ ಮೊದಲ ಸೇರು ಎಲ್ಲಿಂದ ಬರುತ್ತಿತ್ತೆಂದು ಆಗ ತಿಳಿಯಿತು. ಅದಕ್ಕೂ ಮೊದಲು ದಿನಾ ತಪ್ಪದೆ ಆ ಕತ್ತಲಕೋಣೆಗೆ ಅವಳು ಏಕೆ ಬರುತ್ತಿದ್ದಳೆಂಬುದೂ ತಿಳಿಯಿತು.

"ನಾನೇ ಎಳದು ನಿಂದ್ರಸಿದ್ನಲ್ರಿ ಅಕ್ಕೋರ," ಎಂದಳು ಶರಣಮ್ಮ. "ಹೇಳಬೇಕಂತ ಬಾಯಿ ತೆರದಿದ್ಳು ಆಕಿ. ನಾನೇ ಮುಚ್ಚಿಸಿದೆ."

ರಜೆ ಸಿಕ್ಕ ಕೂಡಲೇ ಇಬ್ಬರೂ ಹೊರಟೆವು. ಶರಣಮ್ಮ ತನ್ನ ಮನೆಯ ಜೋಳವನ್ನು ಒಂದು ಚೀಲದಲ್ಲಿ ತುಂಬಿಕೊಂಡಳು. ವಾಡಿಯಿಂದ ರೈಲಿನಲ್ಲಿ ಸೇಡಂ, ಅಲ್ಲಿಂದ ಬಸ್ಸಿನಲ್ಲಿ ಚಿಂಚೋಳಿ. ದಾರಿಯುದ್ದಕ್ಕೂ ಚೀಲ ಅವಳ ತೊಡೆಯ ಮೇಲೆಯೇ. ಕರಿಮಣ್ಣು ಮುಗಿದು ಕೆಂಪುಮಣ್ಣು ಶುರುವಾದದ್ದನ್ನೂ ಅವಳು ನೋಡಲಿಲ್ಲ. ತಮ್ಮನ ಊರು ಕಾಡಿನ ಅಂಚಿಗೆ. ನಾಗಮ್ಮ ಬಾಗಿಲಲ್ಲೇ ಸಿಕ್ಕಳು, ಮುಖ ಅರಳಿತು. ಆದರೆ ಶರಣಮ್ಮನ ಬಗಲಿನ ಚೀಲದ ಕಡೆ ಕಣ್ಣು ಹೋದೊಡನೆ ಬೇರೆ ಕಡೆ ನೋಡಿದಳು. ಕಾಲಿಗೆ ನೀರು ಕೊಟ್ಟಳು, ಬಿಸಿ ರೊಟ್ಟಿ ಬಡಿದಳು, ಪುಂಡಿಪಲ್ಲೆ ಬಡಿಸಿದಳು. ಚೀಲವನ್ನು ತೆಗೆದುಕೊಂಡು, "ಇಲ್ಲಿ ಇಲಿ ಭಾಳ, ಒಳಗಿಡ್ತೀನಿ," ಎಂದು ಒಯ್ದಳು. ನಾದಿನಿ ಅರ್ಧ ತೆಲುಗಿನಲ್ಲಿ ಅರ್ಧ ಕನ್ನಡದಲ್ಲಿ ತನ್ನ ಮೊಣಕಾಲಿನ ಕಥೆ ಹೇಳಿದಳು. ಮಾತೆಲ್ಲ ಮುಗಿದ ಮೇಲೆ ಶರಣಮ್ಮ ಮೆಲ್ಲಗೆ ಅಂದಳು.

"ಊರಿಗಿ ಬಾ ನಾಗವ್ವ. ಹರವಿ ಮತ್ತ ಮೊದಲಿನ ಜಾಗಾಕ್ಕ ತರಸ್ತೀನಿ."

"ಅದನ್ನ ತರಸ್ತೀ. ಕಲ್ಲಿನ ಮ್ಯಾಲಿಂದು ಏನ್ ಮಾಡ್ತೀ ಅಕ್ಕ?" ನಾಗಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. "ಹುಸೇನಬಿ ಭಾಳ ಆಳ ಕಡದಾಳ."

ಹೊರಡುವಾಗ ನಾಗಮ್ಮ ಒಳಗೆ ಹೋದಳು. ಬರುವಾಗ ಸೆರಗಿನಡಿಯಲ್ಲಿ ಚೀಲವಿತ್ತು, ಬಾಯಿಗೆ ಗಂಟು ಹಾಕಿತ್ತು. ಶರಣಮ್ಮನಿಗೆ ಕೊಡಲಿಲ್ಲ, ಅದನ್ನು ನನ್ನ ಕೈಗಿಟ್ಟು, ನನ್ನ ಕೈಯ ಮೇಲೆ ನನ್ನದೇ ಸೆರಗನ್ನು ಎಳೆದು ಮುಚ್ಚಿದಳು. ಬಸ್ಸು ಬಂತು. ಕೂತೆವು. ಚೀಲ ಹಗುರಾಗಿತ್ತೋ, ಇದ್ದಷ್ಟೇ ಇತ್ತೋ, ಭಾರವಾಗಿತ್ತೋ ನನ್ನ ಕೈಗೆ ತಿಳಿಯಿತು. ಬಾಯಿ ತೆರೆಯುವಷ್ಟರಲ್ಲಿ ಶರಣಮ್ಮ ಕಿಟಕಿಯ ಕಡೆ ಮುಖ ತಿರುಗಿಸಿದಳು.

"ಹೇಳಬ್ಯಾಡ್ರಿ ಅಕ್ಕೋರ."

ಹೇಳಲಿಲ್ಲ. ಶರಣಮ್ಮ ಬದುಕಿದ್ದ ತನಕ ಹೇಳಲಿಲ್ಲ, ಈಗಲೂ ಹೇಳುವುದಿಲ್ಲ.

ಊರು ಮುಟ್ಟಿದಾಗ ಸಂಜೆಯಾಗಿತ್ತು, ದೀಪ ಹಚ್ಚುವ ಹೊತ್ತಿಗೆ ಸ್ವಲ್ಪ ಮೊದಲು. ಶರಣಮ್ಮ ಸೀದಾ ಕತ್ತಲಕೋಣೆಗೆ ಹೋದಳು. ಹರವಿ ಕೂತಿದ್ದ ಜಾಗದಲ್ಲಿ ನೆಲದ ಮೇಲೆ ಒಂದು ಗುಂಡನೆಯ ಗುರುತು ಉಳಿದಿತ್ತು, ಅಷ್ಟೇ. ಆ ಗುರುತಿನ ನಡುವೆ ಚೀಲವಿಟ್ಟು ಗಂಟು ಬಿಚ್ಚಿದಳು. ಬಾಗಿಲು ತೆರೆದಿಟ್ಟು ಅಂಗಳಕ್ಕೆ ಬಂದು ಬೇವಿನ ಗಿಡದ ಕಡೆ ಮುಖ ಮಾಡಿ ಕೂತಳು. ನಾನೂ ಪಕ್ಕದಲ್ಲಿ ಕೂತೆ. ಖಣಿಯಿಂದ ಹೆಂಗಸರು ಬರುವ ಸಪ್ಪಳ ಕೇಳಿಸಿತು. ಖಣಿ ದಂಡೆಯ ಕೋಣೆಯಿಂದ ಕರೆತಂದ ಕೂಸುಗಳು ಅವರ ಬಗಲಲ್ಲಿ ಅಳುತ್ತಿದ್ದವು, ನಗುತ್ತಿದ್ದವು. ನಮ್ಮ ಅಂಗಳದ ಮುಂದೆಯೇ ಹಾದು, ಯಾಕ ಹಿಂಗ ಕುಂತೀರಿ ಎಂದು ಕೇಳಿ, ತಂತಮ್ಮ ಮನೆಗೆ ಹೋದರು.

ಕತ್ತಲಾಗುವ ತನಕ ಶರಣಮ್ಮ ಹಿಂದೆ ತಿರುಗಿ ನೋಡಲಿಲ್ಲ. ಯಾವ ಕಾಲಿನ ಸಪ್ಪಳವೂ ಬಾಗಿಲತ್ತ ಹೋಗಲಿಲ್ಲ.